ಹಿಂದಕ್ಕೆ ನಡೆಯುವ ಹುಡುಗಿ

ಎರಡು ವರ್ಷದಲ್ಲಿ 11 ಕಾಲೇಜು ನೋಡಿದೆ. ಎಲ್ಲಾ ಮಗಳ ಹಿಂದೆ ಓಡಾಡಿ ನೋಡಿದ್ದು. ಈ ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷಗಳಿಗೆ ಬಂದ ಮಕ್ಕಳಿರುವ ಮನೆಗಳಲ್ಲಿ, ರಜೆ ಬಂತೆಂದರೆ ಕಾರಿಗೆ ಪೆಟ್ರೋಲು ತುಂಬಿಸಿ, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಕಾಲೇಜು ನೋಡಲು ಹೊರಡುವುದು ಒಂದು ಪದ್ಧತಿ. ನಮ್ಮ ಕಡೆ ಹೆಣ್ಣು ನೋಡೋಕೆ ಹೋಗ್ತಿದ್ರಲ್ಲ, ಹೆಚ್ಚುಕಮ್ಮಿ ಹಾಗೇನೇ. ಅವರು ಅಲಂಕಾರ ಮಾಡಿಕೊಂಡು ಕಾಯ್ತಿರ್ತಾರೆ. ನಾವು ಹೋಗಿ, ನೋಡಿ, ಕೊಟ್ಟಿದ್ದು ತಿಂದು, ‘ಊರಿಗೆ ಹೋಗಿ ಕಾಗದ ಹಾಕ್ತೀವಿ’ ಅನ್ನೋ ಮುಖ ಮಾಡಿಕೊಂಡು ಎದ್ದು ಬರೋದು. ಇಲ್ಲಿ ಒಪ್ಪಬೇಕಾದವರು ಅವರೇ ಅನ್ನೋದು ಆಮೇಲೆ ಅರ್ಥವಾಗುತ್ತೆ.

ಊರಿನಲ್ಲಿರುವ ಓದುಗರಿಗೆ ಈ ಕ್ಯಾಂಪಸ್ ಟೂರ್ ಅಂದ್ರೇನು ಅಂತ ಸ್ವಲ್ಪ ಹೇಳಬೇಕು. ಮೊದಲು ಒಂದು ತಾಸು ಸಭಾಂಗಣದಲ್ಲಿ ಕೂರಿಸಿ ಕಾಲೇಜಿನ ಕಡೆಯವರು ಸ್ಲೈಡು ತೋರಿಸ್ತಾರೆ. ಆಮೇಲೆ ಹದಿನೈದಿಪ್ಪತ್ತು ಜನರ ಗುಂಪು ಮಾಡಿ ಒಬ್ಬೊಬ್ಬ ವಿದ್ಯಾರ್ಥಿಯ ಕೈಗೆ ಒಪ್ಪಿಸ್ತಾರೆ. ಆ ಹುಡುಗನೋ ಹುಡುಗಿಯೋ ನಮ್ಮ ಕಡೆ ಮುಖ ಮಾಡಿ, ಬೆನ್ನು ಮುಂದಾಗಿ, ಹಿಂದುಹಿಂದಕ್ಕೆ ನಡೆಯುತ್ತಾ ಒಂದು ತಾಸಿನ ಮೇಲೆ ಮಾತಾಡಬೇಕು. ಲೈಬ್ರರಿ, ಜಿಮ್ಮು, ಊಟದ ಹಾಲು, ಮಾದರಿ ಹಾಸ್ಟೆಲ್ ರೂಮು. ಕೊನೆಗೆ ಪ್ರಶ್ನೆಗಳಿದ್ರೆ ಕೇಳಿ.

ಸಿನಿಮಾಕ್ಕೆ ವಿಮರ್ಶಕರಿದ್ದಾರೆ, ನಾಟಕಕ್ಕಿದ್ದಾರೆ, ದೋಸೆಗೂ ಇದ್ದಾರೆ. ಇಷ್ಟೊಂದು ಜನ ನೋಡುವ, ನೋಡಿದ ಮೇಲೆ ಮನೆ ಸಾಲದಷ್ಟೇ ದೊಡ್ಡ ಸಾಲಕ್ಕೆ ಕೈಹಾಕುವ ಈ ಪ್ರದರ್ಶನಕ್ಕೆ ಯಾಕೆ ಒಬ್ಬ ವಿಮರ್ಶಕ ಇರಬಾರದು ಅಂತ ನನಗೆ ಏಳನೇ ಕಾಲೇಜಿನಲ್ಲಿ ಅನ್ನಿಸಿತು. ಅವತ್ತಿನಿಂದ ಟಿಪ್ಪಣಿ ಮಾಡಿಕೊಳ್ಳೋಕೆ ಶುರು ಮಾಡಿದೆ.

ಮೊದಲು ಹೇಳಬೇಕಾದ್ದು, ಎಲ್ಲರಿಗೂ ‘ನೆನಪಿನಲ್ಲಿ ಉಳಿಯುವ’ ಟೂರ್ ಮಾಡಬೇಕು ಅನ್ನೋ ಹಟ ಇದೆ. ನಾಲ್ಕು ದಿನದಲ್ಲಿ ಐದು ಕಾಲೇಜು ನೋಡಿದವರಿಗೆ ಯಾವ ಇಟ್ಟಿಗೆ ಕಟ್ಟಡ ಯಾವ ಊರಿನದು ಅನ್ನೋದೇ ಮರೆತುಹೋಗುತ್ತೆ. ಅದು ಕಾಲೇಜುಗಳಿಗೂ ಗೊತ್ತು. ಹಾಗಾಗಿ ಇದಕ್ಕೂ ಸಲಹೆ ಕೊಡುವ ಕಂಪನಿಗಳಿವೆ. ಹಿಂದಕ್ಕೆ ನಡೆಯೋದು ಬಿಡಿ, ಅಂಕಿ ಅಂಶ ಕಮ್ಮಿ ಮಾಡಿ, ಸ್ವಂತ ಕಥೆ ಹೇಳಿ, ಒಂದು ವಿಶೇಷ ಗಳಿಗೆ ಸೃಷ್ಟಿ ಮಾಡಿ ಅನ್ನೋದು ಅವರ ಸಲಹೆ. ಕೇಳಿದಾಗ ಸರಿ ಅನಿಸುತ್ತೆ. ನಾವು ನೋಡಿದ ಒಂದು ಕಡೆ ಬಾಗಿಲಲ್ಲೇ ಪರದೆಯ ಮೇಲೆ ಮಗಳ ಹೆಸರು ಹಾಕಿದ್ದರು. ಇನ್ನೊಂದು ಕಡೆ ಗಂಟೆ ಬಾರಿಸಲು ಕೊಟ್ಟರು. ಮತ್ತೊಂದು ಕಡೆ ಕಾಲೇಜಿನ ಹೆಸರಿನದೇ ಐಸ್‌ಕ್ರೀಮು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಬಗ್ಗೆ ಇರೋದು ಎರಡೇ ಸಾಲು: ‘ಐಸ್‌ಕ್ರೀಮ್ ಚೆನ್ನಾಗಿತ್ತು. ಕಾಲೇಜು ಹೇಗಿದೆಯೋ ತಿಳೀಲಿಲ್ಲ.’

ಕಥೆ ಹೇಳೋದರಲ್ಲಿ ತಪ್ಪೇನಿಲ್ಲ. ಆದರೆ ಕಥೆಗಳಲ್ಲೂ ಜಾತಿಗಳಿವೆ. ಹಾರ್ವರ್ಡಿನಲ್ಲಿ ಜಾನ್ ಹಾರ್ವರ್ಡ್‌ನ ಕಂಚಿನ ಪ್ರತಿಮೆ ಇದೆ. ಲಿಂಕನ್ ಸ್ಮಾರಕದ ಲಿಂಕನ್‌ನನ್ನು ಮಾಡಿದ ಡೇನಿಯಲ್ ಚೆಸ್ಟರ್ ಫ್ರೆಂಚ್ 1884ರಲ್ಲಿ ಮಾಡಿದ್ದು. ಅದರ ಪೀಠದ ಮೇಲೆ ‘ಜಾನ್ ಹಾರ್ವರ್ಡ್, ಸ್ಥಾಪಕ, 1638’ ಎಂಬರ್ಥದ ಬರಹ. ಇದನ್ನು ಮೂರು ಸುಳ್ಳಿನ ಪ್ರತಿಮೆ ಅನ್ನುತ್ತಾರೆ. ಹಾರ್ವರ್ಡ್‌ನ ಚಿತ್ರವೇ ಉಳಿದಿರಲಿಲ್ಲವಾದ್ದರಿಂದ ಆ ಮುಖ ಅವನದಲ್ಲ. ಅವನು ಸ್ಥಾಪಕನೂ ಅಲ್ಲ, ಸಾಯುವಾಗ ತನ್ನ ಪುಸ್ತಕಗಳನ್ನೂ ಅರ್ಧ ಆಸ್ತಿಯನ್ನೂ ಬಿಟ್ಟುಹೋದ ದಾನಿ. ಕಾಲೇಜು ಶುರುವಾದದ್ದು 1636ರಲ್ಲಿ. ಇಷ್ಟೆಲ್ಲ ಕೇಳಿದ ಮೇಲೂ ಜನ ಸಾಲಾಗಿ ನಿಂತು ಅದೃಷ್ಟಕ್ಕೆ ಅಂತ ಆ ಪ್ರತಿಮೆಯ ಎಡಗಾಲಿನ ಬೂಟು ಸವರಿ ಬರ್ತಾರೆ. ಉಳಿದ ಕಂಚೆಲ್ಲ ಕಪ್ಪಾಗಿದೆ, ಬೂಟಿನ ತುದಿ ಮಾತ್ರ ದೇವರ ಗುಡಿಯ ಗಂಟೆಯ ಹಾಗೆ ಫಳಫಳ. ನನ್ನ ಗಂಡನೂ ಸವರಿದರು. ‘ಸುಳ್ಳು ಅಂತ ಈಗ ತಾನೇ ಹೇಳಿದ್ರಲ್ಲ’ ಅಂದೆ. ‘ಇರ್ಲಿ ಬಿಡೇ, ಹೋಗೋದೇನು’ ಅಂದರು.

ಅಲ್ಲೇ ಪಕ್ಕದ ವೈಡ್ನರ್ ಲೈಬ್ರರಿಗೂ ಒಂದು ಕಥೆ ಅಂಟಿಕೊಂಡಿದೆ. 1912ರಲ್ಲಿ ಟೈಟಾನಿಕ್ ಹಡಗಿನ ಜೊತೆ ಮುಳುಗಿದ ಹ್ಯಾರಿ ವೈಡ್ನರ್‌ನ ನೆನಪಿಗೆ ತಾಯಿ ಕಟ್ಟಿಸಿದ್ದು ಆ ಲೈಬ್ರರಿ. ಇಷ್ಟು ನಿಜ. ನನ್ನ ಮಗನ ಹಾಗೆ ಯಾರೂ ಮುಳುಗಬಾರದು, ಪ್ರತಿ ವಿದ್ಯಾರ್ಥಿಯೂ ಈಜು ಪರೀಕ್ಷೆ ಪಾಸಾಗಬೇಕು ಅಂತ ಆ ತಾಯಿ ಷರತ್ತು ಹಾಕಿದ್ದಳು ಅನ್ನೋದು ಬಾಲ. ಆ ಬಾಲಕ್ಕೆ ಆಧಾರವಿಲ್ಲ. ಆದರೆ ಕೇಳಿದವರಿಗೆ ನೆನಪಿರೋದು ಬಾಲವೇ. ಉತ್ತರ ಅಟ್ಲಾಂಟಿಕ್‌ನ ಆ ಹಿಮದ ನೀರಿನಲ್ಲಿ ಈಜು ಬಂದಿದ್ದರೆ ತಾನೇ ಏನಾಗ್ತಿತ್ತು ಅಂತ ಯಾರೂ ಕೇಳಲ್ಲ. ಕಥೆ ಅಷ್ಟು ಚೆನ್ನಾಗಿದೆ.

ಇದಕ್ಕೆ ಎದುರಾಗಿ ಒಂದೂವರೆ ಮೈಲಿ ಆಚೆಯ ಎಂಐಟಿಯ ಕಥೆ ನೋಡಿ. ಆ ಕಾಲೇಜಿನ ಮುಂದೆ ಚಾರ್ಲ್ಸ್ ನದಿಗೆ ಒಂದು ಸೇತುವೆ. ಎಂಐಟಿಯ ಬಾಗಿಲಲ್ಲೇ ಇದ್ದರೂ ಅದರ ಹೆಸರು ಹಾರ್ವರ್ಡ್ ಬ್ರಿಡ್ಜ್. 1958ರಲ್ಲಿ ಅಲ್ಲಿನ ಒಂದು ವಿದ್ಯಾರ್ಥಿ ಸಂಘದವರು ಹೊಸದಾಗಿ ಸೇರಿದ ಆಲಿವರ್ ಸ್ಮೂಟ್ ಎಂಬ ಹುಡುಗನನ್ನು ಆ ಸೇತುವೆಯ ಮೇಲೆ ಮಲಗಿಸಿ, ಗುರುತು ಹಾಕಿ, ಎಬ್ಬಿಸಿ, ಮತ್ತೆ ಮಲಗಿಸಿ, ಇಡೀ ಸೇತುವೆಯನ್ನು ಅವನಿಂದಲೇ ಅಳೆದರು. ಉದ್ದ 364.4 ಸ್ಮೂಟ್, ಒಂದು ಕಿವಿಯಷ್ಟು ಹೆಚ್ಚುಕಮ್ಮಿ. ಆ ಗುರುತುಗಳಿಗೆ ಇವತ್ತಿಗೂ ಬಣ್ಣ ಬಳಿಯುತ್ತಾರೆ. ಆ ಸ್ಮೂಟ್ ಮುಂದೆ ಅಳತೆಗಳ, ಮಾನದಂಡಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಸ್‌ಒದ ಅಧ್ಯಕ್ಷರೂ ಆದರು. ಈ ಕಥೆಗೆ ಸಲಹಾ ಕಂಪನಿ ಬೇಕಿರಲಿಲ್ಲ. ಅಲ್ಲಿಗೆ ಹೋದರೆ ಎಂಥ ಜನ ಸಿಗ್ತಾರೆ, ರಾತ್ರಿ ಚಳಿಯಲ್ಲಿ ಎಂಥ ಕೆಲಸಕ್ಕೆ ಎಬ್ಬಿಸ್ತಾರೆ, ಹುಚ್ಚಾಟದಲ್ಲೂ ದಶಮಾಂಶ ಬಿಡದವರು ಹೇಗಿರ್ತಾರೆ ಅನ್ನೋದು ಅದರೊಳಗೇ ಇದೆ. ಟೂರಿನ ಕಥೆಗೆ ನನ್ನ ಅಳತೆ ಇದು: ಆ ಕಥೆಯನ್ನು ಬೇರೆ ಕಾಲೇಜಿಗೆ ಎತ್ತಿಕೊಂಡು ಹೋಗಲು ಆಗಬಾರದು. ಐಸ್‌ಕ್ರೀಮನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಇನ್ನು ಪ್ರತಿ ಟೂರಿನಲ್ಲೂ ತಪ್ಪದೆ ಬರುವ ಒಂದು ದೃಶ್ಯ ಇದೆ. ದಾರಿ ಬದಿಯಲ್ಲಿ ತುದಿಗೆ ನೀಲಿ ದೀಪವಿರುವ ಒಂದು ಕಂಬ. ಗುಂಡಿ ಒತ್ತಿದರೆ ಪೊಲೀಸರು ಬರ್ತಾರೆ. ಗೈಡು ಕಂಬ ತೋರಿಸಿ, ‘ನನಗೆ ಇದುವರೆಗೂ ಒತ್ತುವ ಪ್ರಸಂಗ ಬಂದಿಲ್ಲ’ ಅಂತ ನಗ್ತಾಳೆ. ಅಪ್ಪಅಮ್ಮಂದಿರು ತಲೆಯಾಡಿಸ್ತಾರೆ. ಮುಂದಕ್ಕೆ ಹೋಗ್ತೀವಿ. ನನಗೆ ಆ ಕಂಬ ದಾಟಿ ಸುಲಭವಾಗಿ ಹೋಗಲು ಆಗ್ತಿರಲಿಲ್ಲ. 1986ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಒಂದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜೀನ್ ಕ್ಲೆರಿ ಎಂಬ 19 ವರ್ಷದ ಹುಡುಗಿಯ ಮೇಲೆ ಅತ್ಯಾಚಾರವಾಗಿ, ಕೊಲೆಯಾಯಿತು. ಹೊರಬಾಗಿಲುಗಳು ಮುಚ್ಚದ ಹಾಗೆ ಯಾರೋ ಅಡ್ಡ ಇಟ್ಟಿದ್ದರು. ಒಳಗೆ ಬಂದವನು ಅಲ್ಲಿನದೇ ವಿದ್ಯಾರ್ಥಿ. ಕ್ಯಾಂಪಸ್ಸಿನಲ್ಲಿ ನಡೆಯುವ ಅಪರಾಧಗಳ ಬಗ್ಗೆ ತಮಗೆ ಯಾರೂ ಏನೂ ಹೇಳಿರಲಿಲ್ಲ ಎಂದು ಅವಳ ತಂದೆತಾಯಿ ಹೋರಾಡಿದರು. 1990ರಲ್ಲಿ ಕಾನೂನೇ ಬಂತು. ಅವಳ ಹೆಸರಿನಲ್ಲೇ ಅದನ್ನು ಕ್ಲೆರಿ ಆಕ್ಟ್ ಅಂತಾರೆ. ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ಕಾಲೇಜೂ ವರ್ಷವರ್ಷ ಅಪರಾಧಗಳ ಲೆಕ್ಕ ಪ್ರಕಟಿಸಬೇಕು. ಲೆಕ್ಕ ಇದೆ, ಯಾರು ಬೇಕಾದರೂ ಓದಬಹುದು. 11 ಟೂರುಗಳಲ್ಲಿ ಒಬ್ಬ ಗೈಡೂ ಆ ವರದಿಯ ಹೆಸರೆತ್ತಲಿಲ್ಲ. ಕಂಬ ತೋರಿಸಿದರು.

ಇಲ್ಲಿ ನನ್ನ ಟೂರಿನ ಕಥೆ ಹೇಳ್ತೀನಿ. 1990ರ ದಶಕದ ನಡುವಿನ ಮಾತು. ಸಿಇಟಿ ಕೌನ್ಸೆಲಿಂಗಿಗೆ ಅರಸೀಕೆರೆಯಿಂದ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿ, ಸರದಿ ಬಂದಾಗ ಉಳಿದ ಸೀಟುಗಳ ಪಟ್ಟಿ ನೋಡಿ, ಕೆಲವೇ ನಿಮಿಷದಲ್ಲಿ ಕಾಲೇಜು ಆರಿಸಿದ್ದೆ. ಆ ಕಾಲೇಜನ್ನು ನಾವಿಬ್ಬರೂ ಕಣ್ಣಿಂದ ನೋಡಿರಲಿಲ್ಲ. ಮೊದಲು ನೋಡಿದ್ದು ಸೇರುವ ದಿನ, ಟ್ರಂಕು, ಹಾಸಿಗೆ ಸುರುಳಿ ಸಮೇತ. ಅಪ್ಪ ಪ್ರೈಮರಿ ಸ್ಕೂಲು ಮೇಷ್ಟ್ರು. ಪ್ರಿನ್ಸಿಪಾಲರ ಭಾಷಣ ಅರ್ಧದಲ್ಲಿ ಬಿಟ್ಟು, ವಾರ್ಡನ್ ಅಪ್ಪಣೆ ಕೇಳಿ, ನೇರ ಹಾಸ್ಟೆಲಿಗೆ ಹೋದರು. ಮೆಸ್ಸಿನ ಭಟ್ಟರನ್ನು ಮಾತಾಡಿಸಿ ನೀರು ಎಷ್ಟೊತ್ತಿಗೆ ಬರುತ್ತೆ ಅಂತ ಕೇಳಿದರು. ಎದುರು ಸಿಕ್ಕ ಸೀನಿಯರ್ ಹುಡುಗಿಯನ್ನು, ‘ರಾತ್ರಿ ಕರೆಂಟು ಹೋದ್ರೆ ಏನ್ಮಾಡ್ತೀರಮ್ಮ?’ ಅಂತ ಕೇಳಿದರು. ಆಮೇಲೆ ಖಾಲಿ ಇದ್ದ ಬಾತ್‌ರೂಮುಗಳ ಒಂದೊಂದೇ ಬಾಗಿಲಿನ ಚಿಲಕ ಎಳೆದು ನೋಡಿದರು. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದಾ ಅನ್ನಿಸ್ತಿತ್ತು. ಒಂದಕ್ಕೆ ಚಿಲಕವೇ ಇರಲಿಲ್ಲ. ಪೇಟೆಗೆ ಹೋಗಿ ಚಿಲಕ, ಸ್ಕ್ರೂ ತಂದು, ಹಾಸ್ಟೆಲಿನ ವಾಚ್‌ಮನ್ ಕೈಲಿ ಹಾಕಿಸಿ, ತಾವೇ ಎರಡು ಸಲ ಎಳೆದು ನೋಡಿ, ಸಂಜೆ ಬಸ್ಸು ಹತ್ತಿದರು. ಇಷ್ಟೇ ನಾನು ಕಂಡ ಮೊದಲ ಕ್ಯಾಂಪಸ್ ಟೂರ್. ಗೈಡು ಇರಲಿಲ್ಲ, ಕಥೆ ಇರಲಿಲ್ಲ. ಆ ನಾಲ್ಕು ವರ್ಷ ನಮ್ಮ ಮಹಡಿಯ ಹುಡುಗಿಯರೆಲ್ಲ ಆ ಬಾತ್‌ರೂಮಿಗೇ ಕ್ಯೂ ನಿಲ್ತಿದ್ದರು.

ಈಗಿನ ಟೂರಿನಲ್ಲಿ ಅಪ್ಪನಂಥವರು ಎಳೆದು ನೋಡಬೇಕಾದ ಚಿಲಕಗಳು ಬೇರೆ. ಮೊದಲನೆಯದು ದುಡ್ಡು. ಇಲ್ಲಿನ ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟಿದೆ. ಆದರೆ ಅದು ಅಂಗಡಿಯ ಬೋರ್ಡಿನ ಬೆಲೆ. ಮನೆಯ ಆದಾಯ ನೋಡಿ ನೆರವು ಕಳೆದ ಮೇಲೆ ಒಬ್ಬೊಬ್ಬರು ಕೊಡೋದು ಒಂದೊಂದು. ಅದನ್ನು ಅಂದಾಜು ಮಾಡುವ ಕ್ಯಾಲ್ಕ್ಯುಲೇಟರನ್ನು ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಇಡಬೇಕು ಅಂತ 2011ರಿಂದ ಕಾನೂನಿದೆ. ನಾವು ನಡೆದ ಯಾವ ಟೂರಿನ ದಾರಿಯೂ ಹಣಕಾಸು ನೆರವಿನ ಆಫೀಸಿನ ಮುಂದೆ ಹಾದುಹೋಗಲಿಲ್ಲ.

ಎರಡನೆಯದು ಅಂಕಿಗಳು. ‘ನಮ್ಮಲ್ಲಿ 12 ವಿದ್ಯಾರ್ಥಿಗಳಿಗೆ ಒಬ್ಬ ಪ್ರೊಫೆಸರ್’ ಅಂದಾಗ ನಾನು 12 ಜನರ ಕ್ಲಾಸು ಅಂದುಕೊಂಡಿದ್ದೆ. ಅದು ಒಟ್ಟು ವಿದ್ಯಾರ್ಥಿಗಳನ್ನು ಒಟ್ಟು ಅಧ್ಯಾಪಕರಿಂದ ಭಾಗಿಸಿದ ಲೆಕ್ಕ. ಕ್ಲಾಸಿನ ಗಾತ್ರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ‘ಮೊದಲ ವರ್ಷದ ಕೆಮಿಸ್ಟ್ರಿ ಕ್ಲಾಸಿನಲ್ಲಿ ಎಷ್ಟು ಜನ ಕೂರ್ತೀರಮ್ಮ?’ ಅಂತ ಕೇಳಿದೆ. ‘ಸುಮಾರು 300’ ಅಂದಳು ಆ ಮಗು, ಪಾಪ, ಒಂಚೂರು ಮೆಲ್ಲಗೆ. ಹಾಗೇ ‘ನಮ್ಮಲ್ಲಿ ಇಷ್ಟು ಶೇಕಡಾ ಮಕ್ಕಳು ಪದವಿ ಮುಗಿಸ್ತಾರೆ’ ಅನ್ನೋದು ಸಾಮಾನ್ಯವಾಗಿ ಆರು ವರ್ಷದೊಳಗೆ ಮುಗಿಸಿದವರ ಲೆಕ್ಕ. ನಾವು ದುಡ್ಡು ಹೊಂದಿಸ್ತಿರೋದು ನಾಲ್ಕಕ್ಕೆ.

ಮೂರನೆಯದು, ನಾವು ಅವರನ್ನು ನೋಡ್ತಿರೋ ಹಾಗೆ ಅವರೂ ನಮ್ಮನ್ನು ನೋಡ್ತಿರ್ತಾರೆ. ಬಾಗಿಲಲ್ಲಿ ಹೆಸರು, ಇಮೇಲು ಬರೆಸಿಕೊಳ್ಳೋದು ಸುಮ್ಮನೆ ಅಲ್ಲ. ಈ ಹುಡುಗಿಗೆ ನಮ್ಮ ಮೇಲೆ ಎಷ್ಟು ಮನಸ್ಸಿದೆ ಅಂತ ಅಳೆಯಲು ಟೂರಿಗೆ ಬಂದದ್ದನ್ನೂ ಲೆಕ್ಕಕ್ಕೆ ಹಿಡಿಯುವ ಕಾಲೇಜುಗಳಿವೆ, ಹಿಡಿಯುವುದಿಲ್ಲ ಅನ್ನುವವೂ ಇವೆ. ಎರಡು ವಿಮಾನದ ಟಿಕೆಟ್ಟು, ಒಂದು ರಾತ್ರಿ ಹೋಟೆಲು ಕೊಳ್ಳಲಾಗದ ಮನೆಯ ಮಗುವಿನ ಮನಸ್ಸನ್ನು ಅಂಥ ಕಡೆ ಹೇಗೆ ಅಳೀತಾರೋ.

ಹಾಗಾದರೆ ಗೈಡು ಎಲ್ಲ ಕೆಟ್ಟದ್ದನ್ನೇ ಹೇಳಬೇಕಾ ಅಂತ ನೀವು ಕೇಳಬಹುದು. ಈ ಪ್ರಶ್ನೆ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಜಗಳವಾಗಿಯೇ ಎದ್ದಿತು. ಥಾಮಸ್ ಜೆಫರ್ಸನ್ ಸ್ಥಾಪಿಸಿ, ತಾನೇ ಕಟ್ಟಡಗಳ ನಕ್ಷೆ ಹಾಕಿದ ಜಾಗ ಅದು. ಯುನೆಸ್ಕೊ 1987ರಲ್ಲಿ ವಿಶ್ವ ಪರಂಪರೆಯ ತಾಣ ಅಂತ ಗುರುತಿಸಿತು. ಕಟ್ಟಿದ ಕೈಗಳಲ್ಲಿ ಗುಲಾಮರ ಕೈಗಳೂ ಇದ್ದವು. ಅವರ ನೆನಪಿಗೆ ಈಗ ಅಲ್ಲೊಂದು ಗ್ರಾನೈಟಿನ ಸ್ಮಾರಕ ಇದೆ. ಹೆಸರು ಸಿಗದವರಿಗೆ ಕಲ್ಲಿನಲ್ಲಿ ಒಂದೊಂದು ಗೀರು ಕೊರೆದಿದ್ದಾರೆ. ಅಲ್ಲಿ ದಶಕಗಳಿಂದ ಟೂರ್ ಮಾಡಿಸುತ್ತಿದ್ದದ್ದು ವಿದ್ಯಾರ್ಥಿಗಳೇ ನಡೆಸುವ ಸಂಘ. ಅವರು ಜೆಫರ್ಸನ್ನನ ಬಗ್ಗೆಯೂ ಗುಲಾಮಗಿರಿಯ ಬಗ್ಗೆಯೂ ತೀರಾ ಕಹಿಯಾಗಿ ಮಾತಾಡ್ತಾರೆ, ಬಂದ ಮಕ್ಕಳು ಬೇಸರಪಟ್ಟು ಹೋಗ್ತಾರೆ ಅಂತ ಕೆಲವು ಹಳೆಯ ವಿದ್ಯಾರ್ಥಿಗಳ ದೂರು. 2024ರಲ್ಲಿ ವಿಶ್ವವಿದ್ಯಾಲಯ ಆ ಸಂಘದ ಟೂರುಗಳನ್ನು ತಡೆಹಿಡಿಯಿತು. ಕೊಟ್ಟ ಕಾರಣ, ಗೈಡುಗಳು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ, ಗುಣಮಟ್ಟ ಒಂದೇ ಸಮ ಇಲ್ಲ ಅನ್ನೋದು. ಯಾವುದು ನಿಜವಾದ ಕಾರಣ ಅಂತ ತೀರ್ಪು ಕೊಡೋಕೆ ನಾನ್ಯಾರು. ಆದರೆ 17 ವರ್ಷದ ಮಗುವಿಗೆ ಮನೆ ತೋರಿಸುವಾಗ ಅದನ್ನು ಯಾರು ಕಟ್ಟಿದರು ಅಂತ ಹೇಳೋದು ಬೇಸರದ ಮಾತು ಅಂತ ನನಗನಿಸಲ್ಲ. ನಾಲ್ಕು ವರ್ಷ ಆ ಕಂಬಗಳ ನಡುವೆ ಓಡಾಡುವವಳಿಗೆ ಅದು ಗೊತ್ತಿರಬೇಕು. ಗೊತ್ತಿದ್ದೂ ಸೇರಿದರೆ ಆ ಸೇರುವಿಕೆಗೆ ಒಂದು ತೂಕ ಇರುತ್ತೆ.

ನಾವು ನೋಡಿದ 11ರಲ್ಲಿ ನಿಜಕ್ಕೂ ಮನಸ್ಸಿನಲ್ಲಿ ಉಳಿದದ್ದು ಒಂದೇ. ಅದೊಂದು ರಾಜ್ಯ ವಿಶ್ವವಿದ್ಯಾಲಯ. ಅವತ್ತು ಜಡಿಮಳೆ. ಪರದೆಯ ಮೇಲೆ ಹೆಸರಿಲ್ಲ, ತಿನ್ನೋಕೂ ಏನಿಲ್ಲ. ಲೈಬ್ರರಿಯ ಜಗಲಿಯಲ್ಲಿ ಮಳೆ ನಿಲ್ಲಲಿ ಅಂತ ಹದಿನೈದು ನಿಮಿಷ ನಿಂತೆವು. ಕಂಠಪಾಠ ಮಾಡಿಕೊಂಡಿದ್ದ ಮಾತೆಲ್ಲ ಗೈಡು ಹುಡುಗಿಗೆ ಮುಗಿದುಹೋಗಿತ್ತು. ಹಿಂದಕ್ಕೆ ನಡೆಯೋದೂ ಇರಲಿಲ್ಲ, ನಮ್ಮ ಪಕ್ಕದಲ್ಲೇ ನಿಂತಿದ್ದಳು. ನನ್ನ ಮಗಳು ಕೇಳಿದಳು, ನಿನಗೆ ಇಲ್ಲಿ ಯಾವಾಗಲಾದರೂ ಬಿಟ್ಟುಹೋಗೋಣ ಅನ್ನಿಸಿತ್ತಾ ಅಂತ. ಆ ಹುಡುಗಿ ಸ್ವಲ್ಪ ಹೊತ್ತು ಮಳೆ ನೋಡಿದಳು. ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲಿ ಫೇಲಾದೆ, ರೂಮ್‌ಮೇಟ್ ಜೊತೆ ಮಾತಿರಲಿಲ್ಲ, ಎರಡು ತಿಂಗಳು ಊಟದ ಹಾಲಿಗೆ ಒಬ್ಬಳೇ ಹೋಗ್ತಿದ್ದೆ ಅಂದಳು. ‘ಮತ್ತೆ ಹೇಗೆ ಉಳಿದೆ?’ ‘ಗಣಿತ ಹೇಳಿಕೊಡುವ ಒಂದು ರೂಮಿದೆ, ರಾತ್ರಿ ಹತ್ತರವರೆಗೂ ತೆಗೆದಿರುತ್ತೆ. ಅಲ್ಲಿ ಕೂತೂ ಕೂತೂ ನಾಲ್ಕು ಜನ ಪರಿಚಯವಾದರು.’ ಆ ರೂಮು ಟೂರಿನ ಪಟ್ಟಿಯಲ್ಲಿರಲಿಲ್ಲ. ಮಳೆ ನಿಂತ ಮೇಲೆ ಕರೆದುಕೊಂಡು ಹೋಗಿ ತೋರಿಸಿದಳು. ಹಳೇ ಮೇಜುಗಳು, ಒರೆಸದ ಬೋರ್ಡು, ತಲೆ ಮೇಲೆ ಕೈಹೊತ್ತು ಕೂತ ಒಬ್ಬ ಹುಡುಗ. ಅವನು ನಮ್ಮನ್ನು ನೋಡಲೂ ಇಲ್ಲ.

ಆ ರೂಮು ನೋಡಿದಾಗ ನನಗೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ನೆನಪಾಯಿತು. ಭಾರತೀಯ ವಿಜ್ಞಾನ ಸಂಸ್ಥೆ ಅಂದರೆ ನಮ್ಮ ಕಾಲದವರಿಗೆ ತಕ್ಷಣ ಹೊಳೆಯಲ್ಲ. ಅಲ್ಲಿ ವರ್ಷಕ್ಕೊಂದು ದಿನ ಓಪನ್ ಡೇ ಅಂತ ಎಲ್ಲರಿಗೂ ಬಾಗಿಲು ತೆಗೆದಿಡ್ತಾರೆ. ಕೆಲವು ವರ್ಷದ ಹಿಂದೆ ತಮ್ಮನ ಮನೆಗೆ ಹೋಗಿದ್ದಾಗ ಅವನ ಮಗನ ಜೊತೆ ಹೋಗಿದ್ದೆ. ಬಿಸಿಲು, ನೂಕುನುಗ್ಗಲು, ಹೈ ವೋಲ್ಟೇಜ್ ಲ್ಯಾಬಿನ ಮುಂದೆ ಹನುಮಂತನ ಬಾಲದಂಥ ಕ್ಯೂ. ಪಿಎಚ್‌ಡಿ ಮಾಡುವ ಒಬ್ಬ ಹುಡುಗ ಗಂಟಲು ಕಟ್ಟಿದ್ದರೂ ಸೆರಗು ಹೊದ್ದ ಒಬ್ಬ ಅಜ್ಜಿಗೆ ತನ್ನ ಯಂತ್ರ ಏನು ಮಾಡುತ್ತೆ ಅಂತ ಕನ್ನಡದಲ್ಲಿ ವಿವರಿಸ್ತಿದ್ದ. ಅಜ್ಜಿಗೇನು ಅಲ್ಲಿ ಸೀಟು ಬೇಕಾಗಿಲ್ಲ, ಅವನಿಗೂ ಮಾರೋಕೆ ಏನೂ ಇಲ್ಲ. ಅದಕ್ಕೇ ಆ ಮಾತು ಅಷ್ಟು ಚೆನ್ನಾಗಿತ್ತೇನೋ. ಅಲ್ಲಿ ನೋಡಿದ್ದು ಕೆಲಸ ನಡೆಯುವ ರೂಮುಗಳನ್ನು. ಇಲ್ಲಿ ಟೂರುಗಳಲ್ಲಿ ತೋರಿಸೋದು ಕೆಲಸ ನಡೆಯುವ ಕಟ್ಟಡಗಳ ಮುಂಭಾಗ.

ಟೂರ್ ಮಾಡಿಸುವ ಮಕ್ಕಳ ಮೇಲೆ ನನಗೆ ದೂರಿಲ್ಲ. ಬಿಸಿಲಲ್ಲಿ, ಹಿಮದಲ್ಲಿ, ಮೆಟ್ಟಿಲು ಎಡವದೆ ಹಿಂದಕ್ಕೆ ನಡೆದು ನಗುವ ಆ ಮಕ್ಕಳಿಗೆ ನಮಸ್ಕಾರ. ಅವರನ್ನು ಕಳಿಸುವವರಿಗೆ ನನ್ನ ಮಾತು ಇಷ್ಟೇ. ದಾರಿಯಲ್ಲಿ ಒಂದು ನಿಲ್ದಾಣ ಕಡಿಮೆ ಮಾಡಿ. ಆ ಹೊತ್ತಿನಲ್ಲಿ ಗೈಡು ತಾನು ಸೋತು ಕೂತಿದ್ದ ಜಾಗಕ್ಕೆ ಕರೆದುಕೊಂಡು ಹೋಗಲಿ. ನೀಲಿ ದೀಪದ ಕಂಬದ ಪಕ್ಕದಲ್ಲಿ ಆ ವರ್ಷದ ವರದಿ ಎಲ್ಲಿ ಸಿಗುತ್ತೆ ಅಂತ ಒಂದು ಸಾಲು ಹೇಳಲಿ. ಅಪ್ಪಅಮ್ಮಂದಿರು ಹಣಕಾಸು ನೆರವಿನ ಆಫೀಸಿನ ಮುಂದೆ ಐದು ನಿಮಿಷ ನಿಲ್ಲಲಿ. ನೆನಪು ತಾನಾಗಿ ಉಳಿಯುತ್ತೆ.

ಮಗಳು ಆ ಮಳೆಯ ಕಾಲೇಜಿಗೇ ಸೇರಿದಳು. ಗಣಿತದ ರೂಮಿಗಾಗಿ ಸೇರಿದಳೋ, ನಮ್ಮ ಕೈಗೆಟಕುವ ಫೀಸಿಗಾಗಿ ಸೇರಿದಳೋ, ಕೇಳಿದರೆ ‘ಎರಡೂ’ ಅಂತಾಳೆ. ಪರದೆಯ ಮೇಲೆ ಅವಳ ಹೆಸರು ಹಾಕಿದ್ದ ಕಾಲೇಜಿಗಾಗಿ ಕಾರಿನಲ್ಲಿ ಎರಡು ಗಂಟೆ ಅತ್ತಿದ್ದಳು ಅನ್ನೋದನ್ನೂ ಇಲ್ಲಿ ಮುಚ್ಚಿಡೋದು ಬೇಡ. ಮೊನ್ನೆ ಫೋನ್ ಮಾಡಿದ್ದಳು. ಟೂರ್ ಗೈಡ್ ಕೆಲಸಕ್ಕೆ ಅರ್ಜಿ ಹಾಕಿದಾಳಂತೆ.

‘ಅಮ್ಮಾ, ನೀನು ಹನ್ನೊಂದು ನೋಡಿದೀಯಲ್ಲ. ನಾನೇನು ತೋರಿಸ್ಲಿ ಹೇಳು.’

‘ಮೊದಲು ಹಾಸ್ಟೆಲಿನ ಬಾತ್‌ರೂಮಿನ ಚಿಲಕ ಎಳೆದು ತೋರ್ಸು’ ಅಂದೆ. ನಕ್ಕಳು. ಅಜ್ಜನ ಕಥೆ ಅವಳಿಗೆ ಗೊತ್ತು.